ನನಗೆ ನಿದ್ದೆ ಬಂತು

ಒಂಬತ್ತನೇ ಕ್ಲಾಸಿನ ಬಿ ಸೆಕ್ಷನ್ನಿಗೆ
ನಾನು ವ್ಯಾಕರಣ ಹೇಳಿಕೊಡುವುದು ಗೆರೆ ಎಳೆದು.
ಪುಸ್ತಕದಲ್ಲಿಲ್ಲ ಇದು. ಬಿಇಓ ಬರುವ ದಿನ
ಬೋರ್ಡು ಒರೆಸಿಟ್ಟಿರುತ್ತೇನೆ.

ಉದ್ದಕ್ಕೆ ಒಂದು ಮೇನ್ ಲೈನು.
ಈ ತುದಿಗೆ ಕರ್ತೃ, ಆ ತುದಿಗೆ ಕ್ರಿಯಾಪದ,
ನಡುವೆ ಕರ್ಮ, ಸರಕು ತುಂಬಿದ ವ್ಯಾಗನ್ನು.
ವಿಶೇಷಣಗಳು ಪಕ್ಕದ ಲೂಪಿನಲ್ಲಿ ನಿಂತು ಕಾಯುತ್ತವೆ.
ಪ್ರತ್ಯಯ ಅಂದರೆ ಕೊಂಡಿ, ಮಕ್ಕಳೇ,
ಅನ್ನು, ಇಂದ, ಗೆ, ಅಲ್ಲಿ.
ಅದು ಕಳಚಿದರೆ ಡಬ್ಬಿಗಳು ಬರೀ ಡಬ್ಬಿಗಳು, ಗಾಡಿಯಲ್ಲ.

ತಸ್ಕೀನ್ ಒಂದು ವಾಕ್ಯ ಕೊಟ್ಟಳು:
'ಗಂಡಸಿಯಿಂದ ಬಂದ ನಮ್ಮ ಖಾಲಾ
ನನ್ನ ಹಸಿರು ಛತ್ರಿಯನ್ನು ಬಸ್ಸಿನಲ್ಲಿ ಮರೆತಳು.'
ಬೋರ್ಡು ಸಾಲಲಿಲ್ಲ. ಗಂಡಸಿ ಕಿಟಕಿಯ ತನಕ ಹೋಯಿತು,
ಛತ್ರಿ ನಡುಮಧ್ಯೆ, ಬಸ್ಸು ಅದರ ಕೆಳಗೆ,
ಮರೆತದ್ದು ಕಟ್ಟಕಡೆಗೆ, ಬಫರಿಗೆ ತಾಗಿ ನಿಂತಿತು.
ನಮ್ಮ ಭಾಷೆಯೇ ಹೀಗೆ, ಕೊನೆಯ ಪದ ಬರುವವರೆಗೆ
ಛತ್ರಿ ಉಳಿಯಿತೋ ಹೋಯಿತೋ ಯಾರಿಗೂ ತಿಳಿಯದು.

ಈ ಗೆರೆ ನನ್ನದಲ್ಲ.
ರೈಲ್ವೆ ಕ್ವಾರ್ಟರ್ಸಿನ ಕೆಂಪು ಗಾರೆಯ ಮೇಲೆ
ಅಪ್ಪ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದದ್ದು.
ಪಾಯಿಂಟ್ಸ್‌ಮನ್ ಕೆಂಚಯ್ಯ, ಅರಸೀಕೆರೆ ಜಂಕ್ಷನ್.
ಇದು ಹುಬ್ಬಳ್ಳಿ ಕಡೆ, ಇದು ಬೆಂಗಳೂರು, ಇದು ನಮ್ಮ ಹಾಸನದ್ದು.
ಅವ್ವ ಅಕ್ಕಿ ಆರಿಸುತ್ತ ಮೂರನೇ ಲೈನಿನ ಮೇಲೆ ಕೂತರೆ
'ಏಳೇ, ಗೂಡ್ಸು ಬತ್ತೈತೆ' ಅನ್ನುವನು.
ಓದು ಬರಹ ಅಷ್ಟಕ್ಕಷ್ಟೆ. ಆದರೆ
ಯಾವುದು ಯಾವುದಕ್ಕೆ ಸೇರುತ್ತದೆ ಎಂಬುದರಲ್ಲಿ
ಅವನಂಥ ಪಂಡಿತನನ್ನು ಬಿ.ಎಡ್.ನಲ್ಲೂ ಕಾಣಲಿಲ್ಲ ನಾನು.

ಒಂದು ರಾತ್ರಿ ಸಿಮೆಂಟಿನ ಗಾಡಿ
ಹೋಗಬೇಕಾದ ಲೈನು ಬಿಟ್ಟು ಇನ್ನೊಂದಕ್ಕೆ ನುಗ್ಗಿತು.
ಯಾರೂ ಸಾಯಲಿಲ್ಲ. ಎರಡು ವ್ಯಾಗನ್ನು ಮಗ್ಗುಲಾದವು,
ಬೆಳಗಾದರೆ ಯಾರ್ಡೆಲ್ಲ ಬೂದಿ ಬಳಿದುಕೊಂಡ ಹಾಗೆ.
ವಿಚಾರಣೆಗೆ ಅಪ್ಪ ಬರೆದುಕೊಟ್ಟದ್ದು ಒಂದೇ ಸಾಲು.
ನಕಲು ನನ್ನ ಟ್ರಂಕಿನಲ್ಲಿದೆ, ಒತ್ತು ಬಿಟ್ಟಿದ್ದಾನೆ:
'ಆ ಹೊತ್ತು ನನಗೆ ನಿದೆ ಬಂತು.'
ಮೂರು ಇನ್‌ಕ್ರಿಮೆಂಟು ಹೋಯಿತು.
ಆಮೇಲೆ ಅವ್ವ ಎಲ್ಲಿ ಬೇಕಾದರೂ ಕೂರಬಹುದಾಗಿತ್ತು.

ಮೊನ್ನೆ ಶನಿವಾರ, ಬೆಳಗಿನ ಕ್ಲಾಸು,
ಯಾಕೋ ಆ ಸಾಲನ್ನೇ ಬೋರ್ಡಿಗೆ ಹಾಕಿದೆ.
ಯಾರದೆಂದು ಹೇಳಲಿಲ್ಲ. ಒತ್ತು ಮಾತ್ರ ಸೇರಿಸಿದೆ.
ಕರ್ತೃ ಯಾರು?
'ನಾನು' ಅಂದಿತು ಹಿಂದಿನ ಬೆಂಚು.
ಎಲ್ಲಿದೆಯಪ್ಪ 'ನಾನು'? 'ನನಗೆ' ಇದೆ.
ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ತಸ್ಕೀನ್ ಎದ್ದಳು: 'ನಿದ್ದೆ, ಮಿಸ್. ಬಂದಿದ್ದು ನಿದ್ದೆ.'

ಮೇನ್ ಲೈನಿಗೆ ನಿದ್ದೆ ಹತ್ತಿಸಿದೆ, ತುದಿಗೆ 'ಬಂತು'.
'ನನಗೆ'ಯನ್ನು ಕೆಳಗಿಟ್ಟೆ, ಒಂದು ಗಿಡ್ಡ ಗೆರೆ,
ಪ್ಲಾಟ್‌ಫಾರ್ಮಿನಷ್ಟು.
ಹಸಿವೂ ಹೀಗೇ ಬರುವುದು, ಭಯವೂ, ಜ್ವರವೂ,
ಎಂದೋ ಸತ್ತವರ ನೆನಪೂ. ಅವುಗಳ ವಾಕ್ಯದಲ್ಲಿ
ನಾವು ಗಾಡಿ ಓಡಿಸುವವರಲ್ಲ,
ಇಳಿಸಿಕೊಳ್ಳುವ ಸ್ಟೇಷನ್ನು. ಚತುರ್ಥಿ ವಿಭಕ್ತಿ.

ವ್ಯಾಕರಣ ಅಪ್ಪನನ್ನು ಬಿಟ್ಟು ಕಳಿಸಿತೆಂದು
ಒಳಗೊಳಗೇ ಹಿಗ್ಗುತ್ತಿದ್ದೆ. ಬಾಯೇ ಬಿಡದ ಕಲ್ಲೇಶ
'ನಿದ್ದೆ ಮಾಡಿದೆ ಅಂತ ಬರೆದಿದ್ರೆ, ಮಿಸ್?' ಅಂದ.

ಮಾಡಿದೆ. ಕರ್ತೃವಿನ ಜಾಗ ಖಾಲಿ,
ಆದರೂ ಕ್ರಿಯಾಪದದ ಬಾಲದಲ್ಲಿ, ಗಾರ್ಡಿನ ಡಬ್ಬಿಯೊಳಗೆ
ಲಾಟೀನು ಹಿಡಿದು ಕೂತಿದ್ದಾನೆ 'ನಾನು'.
ಬೆಲ್ಲು ಹೊಡೆಯಿತು. ಉತ್ತರ ಕೊಡಲಿಲ್ಲ.

ಈಗಿನ ಮನೆಗೆ ಟೈಲ್ಸು, ಸೀಮೆಸುಣ್ಣ ಹಿಡಿಯುವುದಿಲ್ಲ.
ಊಟವಾದ ಮೇಲೆ ಕ್ಯಾಲೆಂಡರಿನ ಬೆನ್ನಿಗೆ ಬರೆದು
ಅಪ್ಪನ ಮುಂದಿಟ್ಟೆ. ಕನ್ನಡಕ ಏರಿಸಿದ.
ಅಕ್ಷರಗಳನ್ನು ಅವನು ನೋಡಲೇ ಇಲ್ಲ.
ಉದ್ದ ಗೆರೆಯ ಮೇಲೆ ಬೆರಳು ಎಳೆಯುತ್ತ ಬಂದು
ಗಿಡ್ಡ ಗೆರೆ ಒಡೆಯುವ ಕಡೆ ನಿಲ್ಲಿಸಿದ.
'ಇಲ್ಲೊಂದು ಪಾಯಿಂಟು ಇರ್ಬೇಕಲ್ಲವ್ವ.
ಎಳ್ದೋರು ಯಾರು?'

ಪೆನ್ಸಿಲು ನನ್ನ ಕೈಯಲ್ಲೇ ಇತ್ತು.